ನೆನಪಿನಲ್ಲಿ ಉಳಿಯುವ ಹಾಡು: ರಂಗಗೀತೆ ಮತ್ತು ಗಡಿನಾಡಿನ ಕನ್ನಡ ತರಗತಿ

(ಶಿಕ್ಷಕರ ಪುನಶ್ಚೇತನ ಶಿಬಿರದ ಉಪನ್ಯಾಸದ ಪಠ್ಯ)



ಹೊಸೂರಿನಿಂದ ತಳಿಗೆ, ತಳಿಯಿಂದ ಡೆಂಕಣಿಕೋಟೆಗೆ ಹೋಗುವ ಹಾದಿಯ ಊರುಗಳಲ್ಲಿ ಜಗಲಿಯ ಮೇಲೆ ಕುಳಿತ ಹಿರಿಯರೊಬ್ಬರನ್ನು, ಶಾಲೆಯಲ್ಲಿ ಕಲಿತ ಪದ್ಯವೊಂದನ್ನು ಹೇಳಿರೆಂದು ಕೇಳಿದರೆ ಅವರು ತುಸು ಯೋಚಿಸುತ್ತಾರೆ. ಮೊದಲ ಸಾಲು ನೆನಪಾದರೆ ಎರಡನೆಯದು ಸಿಕ್ಕುವುದಿಲ್ಲ. ಅದೇ ಹಿರಿಯರನ್ನು, ಹರೆಯದಲ್ಲಿ ಊರ ನಾಟಕದಲ್ಲಿ ಯಾವ ಪಾತ್ರ ಮಾಡಿದ್ದಿರೆಂದು ಕೇಳಿದರೆ ಯೋಚನೆಯೇ ಇಲ್ಲ. ಬಾಗಿದ ಬೆನ್ನು ನೆಟ್ಟಗಾಗುತ್ತದೆ, ಕೈ ತಾನಾಗಿ ಮೀಸೆಯ ಬಳಿಗೆ ಹೋಗುತ್ತದೆ, ದುರ್ಯೋಧನನ ಕಂದಪದ್ಯ ತಡವರಿಸದೆ ಹೊರಬರುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳು ಆ ಪದ್ಯದಲ್ಲಿ ತಮ್ಮ ತಮ್ಮ ಸ್ಥಾನದಲ್ಲಿರುತ್ತವೆ. ದಿನದ ಮಾತಿನಲ್ಲಿ ಹಾಲನ್ನು ‘ಆಲು’ ಎನ್ನುವ ನಾಲಗೆಯೇ ‘ಹಸ್ತಿನಾಪುರ’ವನ್ನು ತಪ್ಪಿಲ್ಲದೆ ಉಚ್ಚರಿಸುತ್ತದೆ.

ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಅವರ ಮೊಮ್ಮಗಳು ಅನಿಮೇಷನ್ ಚಿತ್ರದ ಹಾಡೊಂದನ್ನು ಗುನುಗುತ್ತಿರುತ್ತಾಳೆ. ಚಿತ್ರ ಹುಟ್ಟಿದ್ದು ಅಮೆರಿಕದಲ್ಲಿ, ಅವಳ ಕಿವಿಗೆ ಬಿದ್ದದ್ದು ತಮಿಳಿನಲ್ಲಿ. ಅವಳಿಗೂ ಆ ಹಾಡಿನಲ್ಲಿ ತಡವರಿಕೆಯಿಲ್ಲ. ಹಾಡುವಾಗ ಅವಳು ಅವಳಾಗಿರುವುದಿಲ್ಲ; ಹಿಮದ ನಾಡಿನ ರಾಣಿಯೋ ಕಡಲ ದಾಟಿ ಹೊರಟ ಹುಡುಗಿಯೋ ಆಗಿರುತ್ತಾಳೆ. ತಾತನ ಕಂದಪದ್ಯಕ್ಕೂ ಮೊಮ್ಮಗಳ ಹಾಡಿಗೂ ಹೊರನೋಟಕ್ಕೆ ಸಂಬಂಧವಿಲ್ಲ. ಆದರೆ ಇಬ್ಬರೂ ತಮ್ಮ ತಮ್ಮ ಹಾಡನ್ನು ‘ನನ್ನ ಹಾಡು’ ಎಂದು ಭಾವಿಸಿದ್ದಾರೆ. ಈ ‘ನನ್ನದು’ ಎಂಬ ಭಾವ ಹೇಗೆ ಹುಟ್ಟುತ್ತದೆ, ಕನ್ನಡ ತರಗತಿಗೆ ಅದರಿಂದ ಏನು ಪ್ರಯೋಜನ ಎಂಬುದೇ ಇಂದಿನ ವಿಷಯ.

ಭಾವಗೀತೆಯನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಹಾಡಬಹುದು. ನಾಟಕದ ಹಾಡು ಹಾಗಲ್ಲ. ಅದಕ್ಕೆ ಒಬ್ಬ ಒಡೆಯನಿದ್ದಾನೆ, ಒಂದು ಸನ್ನಿವೇಶವಿದೆ. ಮಾತಿನಲ್ಲಿ ಹೇಳಿ ತೀರದ ದುಃಖವೋ ಕೋಪವೋ ಹಿಗ್ಗೋ ಬಂದಾಗ ಪಾತ್ರ ಹಾಡತೊಡಗುತ್ತದೆ. ಕೇಳುವವನು ಆ ಕ್ಷಣದಲ್ಲಿ ಪಾತ್ರದ ಒಳಗೆ ಹೊಕ್ಕು ನೋಡುತ್ತಾನೆ. ಮುಂದೊಂದು ದಿನ ತನ್ನ ಬದುಕಿನಲ್ಲಿ ಅದೇ ಬಗೆಯ ಕ್ಷಣ ಎದುರಾದಾಗ ಹಾಡು ಕರೆಯದೆಯೇ ಬರುತ್ತದೆ. ಅಣ್ಣತಮ್ಮಂದಿರ ಭಾಗದ ಜಗಳ ಕಂಡವನಿಗೆ ಕುರುಕ್ಷೇತ್ರದ ಸಂಧಾನದ ಪದ್ಯಗಳು ಪುರಾಣವಾಗಿ ಉಳಿಯುವುದಿಲ್ಲ. ಮನೆಬಿಟ್ಟು ಹಾಸ್ಟೆಲ್ಲಿಗೆ ಹೊರಟ ಹುಡುಗಿಗೆ, ಊರು ಬಿಟ್ಟು ನಡೆದ ಕಥಾನಾಯಕಿಯ ಹಾಡು ತನಗಾಗಿಯೇ ಕಟ್ಟಿದಂತೆ ಕೇಳಿಸುತ್ತದೆ. ಅಭಿಮಾನ ಎಂಬುದು ಇಲ್ಲಿ ಬರಿಯ ಮೆಚ್ಚಿಕೆಯಲ್ಲ, ಒಂದು ಬಗೆಯ ನೆಂಟತನ.

ಕನ್ನಡ ರಂಗಭೂಮಿ ಈ ನೆಂಟತನವನ್ನು ನೂರು ವರ್ಷಕ್ಕೂ ಮಿಕ್ಕಿ ಬೆಳೆಸಿಕೊಂಡು ಬಂದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಾರ್ಸಿ ಮತ್ತು ಮರಾಠಿ ಕಂಪನಿಗಳ ಮಟ್ಟುಗಳು ಕನ್ನಡ ನಾಡಿಗೆ ಬಂದವು. ಬಸವಪ್ಪ ಶಾಸ್ತ್ರಿಗಳಂಥ ಪಂಡಿತರು ಮೈಸೂರಿನಲ್ಲಿ ಶಾಕುಂತಲವನ್ನು ಕನ್ನಡದ ರಂಗಕ್ಕೆ ತಂದರು. ರತ್ನಾವಳಿ ನಾಟಕ ಸಭೆಯ ಎ. ವಿ. ವರದಾಚಾರ್ಯರ ಹಾಡುಗಾರಿಕೆಗೆ ಜನ ಮಾರುಹೋದರು. 1884ರಲ್ಲಿ ಆರಂಭವಾದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ ಗುಬ್ಬಿ ವೀರಣ್ಣನವರ ಕಾಲಕ್ಕೆ ನಾಡಿನ ಮನೆಮಾತಾಯಿತು. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ ಆ ಕಂಪನಿಯ ಹೆಸರಾಂತ ಪ್ರಯೋಗ. ರಂಗದ ಮೇಲೆ ಆನೆ ಕುದುರೆಗಳನ್ನೇ ತಂದ ವೈಭವವನ್ನು ಕಂಡವರು ಅದನ್ನು ಬಹುಕಾಲ ನೆನೆದರು.

ವೈಭವ ಕಂಪನಿಯೊಂದಿಗೆ ಹೋಯಿತು, ಹಾಡು ಹಳ್ಳಿಯಲ್ಲಿ ಉಳಿಯಿತು. ತುಮಕೂರು, ಮಂಡ್ಯ, ಕೋಲಾರ, ಆನೇಕಲ್ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಪೌರಾಣಿಕ ನಾಟಕವೆಂದರೆ ಮೊದಲು ನೆನಪಾಗುವುದು ಕುರುಕ್ಷೇತ್ರ. ಅದರ ಸಿದ್ಧತೆಯ ಕ್ರಮವನ್ನು ಶಿಕ್ಷಕರು ಗಮನವಿಟ್ಟು ನೋಡಬೇಕು. ಸುಗ್ಗಿ ಮುಗಿದ ಮೇಲೆ ಊರಿನವರು ಹಾರ್ಮೋನಿಯಂ ಮೇಷ್ಟರನ್ನು ಗೊತ್ತುಮಾಡುತ್ತಾರೆ. ಪಾತ್ರಕ್ಕೆ ಇಷ್ಟೆಂದು ಹಣ ಕಟ್ಟಿ ಪಾತ್ರ ಪಡೆಯುತ್ತಾರೆ. ಕಲಿಯುವುದಕ್ಕಾಗಿ ಕಲಿಯುವವನೇ ಸಂತೋಷದಿಂದ ಹಣ ತೆತ್ತು, ಹಗಲೆಲ್ಲ ಹೊಲದಲ್ಲಿ ದುಡಿದು, ರಾತ್ರಿ ತಾಲೀಮಿಗೆ ಬಂದು ಕೂರುತ್ತಾನೆ. ಓದಲು ಬಾರದವನಿಗೆ ಮೇಷ್ಟರು ಸಾಲು ಸಾಲಾಗಿ ಹೇಳಿಕೊಡುತ್ತಾರೆ. ಅವನು ಎಮ್ಮೆ ಕಾಯುತ್ತ, ನೀರು ಕಟ್ಟುತ್ತ ಅದನ್ನೇ ಹೇಳಿಕೊಳ್ಳುತ್ತಾನೆ. ತಿಂಗಳುಗಟ್ಟಲೆ ನಡೆಯುವ ಈ ಕಲಿಕೆಯ ಕೊನೆಗೆ ಅವನಿಗೆ ತನ್ನ ಪದ್ಯಗಳಷ್ಟೇ ಅಲ್ಲ, ಎದುರಾಳಿಯ ಪದ್ಯಗಳೂ ಬಾಯಿಗೆ ಬಂದಿರುತ್ತವೆ. ಪರೀಕ್ಷೆಯ ರಾತ್ರಿ ಊರೇ ನೆರೆಯುತ್ತದೆ. ಚೆನ್ನಾಗಿ ಹಾಡಿದವನಿಗೆ ‘ಒನ್ಸ್ ಮೋರ್’ ಬೀಳುತ್ತದೆ, ಎದೆಗೆ ನೋಟು ಚುಚ್ಚುತ್ತಾರೆ. ಅಕ್ಷರ ತಿಳಿಯದವರ ಬಾಯಲ್ಲಿ ಹಳೆಯ ಕಾವ್ಯಭಾಷೆಯನ್ನು ನೆಲೆಗೊಳಿಸಿದ ಇಂಥ ಪಾಠಶಾಲೆ ಬೇರೆ ಯಾವುದಿದೆ?

ಹೊಸೂರು ಸೀಮೆಗೆ ಈ ಪರಂಪರೆ ದೂರದ್ದಲ್ಲ. ಬೆಂಗಳೂರು, ಕೋಲಾರ ಜಿಲ್ಲೆಗಳಿಗೂ ಈ ನೆಲಕ್ಕೂ ನಡುವೆ ಇರುವುದು ಆಡಳಿತದ ಗೆರೆಯೇ ಹೊರತು ಸಂಸ್ಕೃತಿಯ ಗೋಡೆಯಲ್ಲ. ಕೃಷ್ಣಗಿರಿ, ಧರ್ಮಪುರಿ ಕಡೆಯ ದ್ರೌಪದಮ್ಮನ ಗುಡಿಗಳ ಮುಂದೆ ತಮಿಳು ತೆರುಕೂತ್ತಿನಲ್ಲಿ ಅದೇ ಭಾರತ ರಾತ್ರಿಯಿಡೀ ಆಡುತ್ತದೆ. ಕನ್ನಡದ ಮಗು ಒಂದು ರಾತ್ರಿ ಕನ್ನಡದ ದುರ್ಯೋಧನನನ್ನೂ ಇನ್ನೊಂದು ರಾತ್ರಿ ತಮಿಳಿನ ದುರಿಯೋಧನನನ್ನೂ ನೋಡಬಲ್ಲ ನೆಲವಿದು. ಇದನ್ನು ಕೊರತೆಯೆಂದು ತಿಳಿಯದೆ ಸಿರಿಯೆಂದು ತಿಳಿಯುವುದು ಶಿಕ್ಷಕರ ಮೊದಲ ಕೆಲಸ.

ರಂಗದ ಹಾಡು ಒಬ್ಬ ವ್ಯಕ್ತಿಯ ಭಾಷೆಯನ್ನು ಎಷ್ಟರಮಟ್ಟಿಗೆ ರೂಪಿಸಬಲ್ಲದೆಂಬುದಕ್ಕೆ ಇದೇ ತಮಿಳುನಾಡಿನ ಗಡಿಯಲ್ಲಿ ದೊಡ್ಡ ನಿದರ್ಶನವಿದೆ. ಡಾ. ರಾಜಕುಮಾರ್ 1929ರಲ್ಲಿ ಹುಟ್ಟಿದ ಗಾಜನೂರು ಇಂದಿನ ಈರೋಡ್ ಜಿಲ್ಲೆಯ ತಾಳವಾಡಿ ಸೀಮೆಯಲ್ಲಿದೆ. ಅಂದು ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಮಗನ ಶಾಲೆಯ ಓದು ಎಳವೆಯಲ್ಲೇ ನಿಂತಿತು. ನಾಟಕ ಕಂಪನಿಯೇ ಆತನಿಗೆ ಶಾಲೆಯಾಯಿತು, ಹಾಡು ಮತ್ತು ಸಂಭಾಷಣೆಯೇ ಪಠ್ಯವಾಯಿತು. 1954ರ ‘ಬೇಡರ ಕಣ್ಣಪ್ಪ’ದಿಂದ ಮೊದಲುಗೊಂಡು ಅರ್ಧ ಶತಮಾನ ಕನ್ನಡಿಗರು ಶುದ್ಧ ಉಚ್ಚಾರಣೆಗೆ ಮಾದರಿಯೆಂದು ನೆಚ್ಚಿದ್ದು ಈ ಗಡಿನಾಡಿನ, ಶಾಲೆ ಬಿಟ್ಟ ಹುಡುಗನ ನಾಲಗೆಯನ್ನು. ಪಿ. ಬಿ. ಧುತ್ತರಗಿಯವರ ನಾಟಕವನ್ನು ಆಧರಿಸಿದ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಬಂದಾಗ ಆ ಕಂಠದ ಹಾಡುಗಾರಿಕೆಯ ಹೊಸ ಅಧ್ಯಾಯ ತೆರೆಯಿತು. 1977ರ ‘ಬಭ್ರುವಾಹನ’ದ ಯುದ್ಧಸನ್ನಿವೇಶದಲ್ಲಿ ತಂದೆ ಮಗನ ವಾಗ್ವಾದ ಹಾಡಾಗಿ ಹರಿಯುವ ರೀತಿಯಲ್ಲಿ ಕಂಪನಿ ನಾಟಕದ ಉಸಿರೇ ಇದೆ. ಗಡಿಯಲ್ಲಿ ಹುಟ್ಟಿದ ಮಗುವಿನ ಕನ್ನಡ ಕಡಮೆ ಕನ್ನಡವೆಂಬ ಸಂಕೋಚ ಯಾರಿಗಾದರೂ ಇದ್ದರೆ ಗಾಜನೂರಿನ ಹೆಸರೇ ಅದಕ್ಕೆ ಉತ್ತರ.

ಇನ್ನೊಂದು ನಿದರ್ಶನ ಶಾಲೆಗೆ ಇನ್ನೂ ಹತ್ತಿರದ್ದು. ಬಿ. ವಿ. ಕಾರಂತರು ಹುಟ್ಟಿದ್ದು ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ. ಮೂರನೆಯ ತರಗತಿಯಲ್ಲಿದ್ದಾಗ ಅವರು ಬಣ್ಣ ಹಚ್ಚಿದ ಮೊದಲ ನಾಟಕ ಕುವೆಂಪು ಅವರ ‘ನನ್ನ ಗೋಪಾಲ’. ಕಾಡಿನ ಹಾದಿಯಲ್ಲಿ ಒಬ್ಬಂಟಿಯಾಗಿ ಶಾಲೆಗೆ ಹೋಗಬೇಕಾದ ಬಡ ಹುಡುಗ ಹೆದರಿ, ಗೋಪಾಲನನ್ನು ಕೂಗಿ ಕರೆಯುವ ಕಥೆ ಅದು. ಅಂಚೆಟ್ಟಿ ಕಡೆಯ ಕಾಡಂಚಿನ ಮಕ್ಕಳಿಗೆ ಆ ಹೆದರಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಆ ನಾಟಕದ ಗುಂಗು ಹಿಡಿದ ಬಾಲಕ ಮುಂದೆ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದ. ವೀರಣ್ಣನವರು ಅವರನ್ನು ಹೆಚ್ಚಿನ ಓದಿಗಾಗಿ ಕಾಶಿಗೆ ಕಳುಹಿಸಿದರು. ಬಳಿಕ ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ‘ಹಯವದನ’, ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ನಾಟಕಗಳ ಹಾಡುಗಳು ನಾಟಕ ನೋಡದವರ ಬಾಯಲ್ಲೂ ಉಳಿದದ್ದು ಅವರ ಸಂಗೀತದಿಂದ. ಇಷ್ಟು ದೊಡ್ಡ ಮರದ ಬೀಜ ಮೂರನೆಯ ತರಗತಿಯ ಶಾಲಾ ನಾಟಕದಲ್ಲಿತ್ತು. ಅಂದು ಆ ಮಕ್ಕಳಿಗೆ ನಾಟಕ ಕಲಿಸಿದ ಪಿ. ಕೆ. ನಾರಾಯಣರಿಗೆ ಅದು ಎಷ್ಟು ಬೆಳೆಯುವುದೆಂದು ತಿಳಿದಿರಲು ಸಾಧ್ಯವಿರಲಿಲ್ಲ. ಕಲಿಸುವವರಿಗೆ ಅದು ಎಂದೂ ತಿಳಿಯುವುದಿಲ್ಲ.

ಈಗ ಮೊಮ್ಮಗಳ ಹಾಡಿಗೆ ಬರಬೇಕು. ಅನಿಮೇಷನ್ ಚಿತ್ರಗಳು ರಂಗಗೀತೆಯ ವಂಶದವೇ. 1937ರಲ್ಲಿ ವಾಲ್ಟ್ ಡಿಸ್ನಿಯ ‘ಸ್ನೋ ವೈಟ್’ ಬಂದಂದಿನಿಂದ ಪಾತ್ರ ತನ್ನ ಮನದಾಸೆಯನ್ನು ಹಾಡಿ ಹೇಳುವುದು ಅಲ್ಲಿಯೂ ಪದ್ಧತಿಯಾಯಿತು. 1994ರ ‘ದಿ ಲಯನ್ ಕಿಂಗ್’ ಮೂರೇ ವರ್ಷಗಳಲ್ಲಿ ರಂಗಕ್ಕೆ ಏರಿದ್ದು ಈ ರಕ್ತಸಂಬಂಧದಿಂದಲೇ. ಆದರೆ ಅದೇ ಕಥೆ 2019ರಲ್ಲಿ ಹೊಸ ಚಿತ್ರವಾಗಿ ಭಾರತಕ್ಕೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ತೆರೆಕಂಡಿತು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಹೊಸೂರಿನ ಕನ್ನಡದ ಮಗುವಿಗೆ ಕಾಡಿನ ರಾಜ ತಮಿಳಿನಲ್ಲೋ ತೆಲುಗಿನಲ್ಲೋ ಮಾತಾಡಿದ. ಮಗು ಮಾಡಿದ ತಪ್ಪೇನೂ ಇಲ್ಲ. ಹಾಡು ಯಾವ ಭಾಷೆಯಲ್ಲಿ ಸಿಕ್ಕಿತೋ ಆ ಭಾಷೆಯಲ್ಲಿ ಅದು ಹಾಡನ್ನು ಪ್ರೀತಿಸಿತು.

ಸಣ್ಣ ಭಾಷೆಗಳ ಜನ ಬೇರೆಡೆ ಈ ಪ್ರಶ್ನೆಯನ್ನು ಹೇಗೆ ಎದುರಿಸಿದರೆಂಬುದು ಕುತೂಹಲಕರ. ಪಾಲಿನೇಷ್ಯದ ದ್ವೀಪಕನ್ಯೆಯ ಕಥೆಯಾದ ‘ಮೊವಾನ’ 2016ರಲ್ಲಿ ಬಂದಿತು. ಮರುವರ್ಷವೇ ನ್ಯೂಜಿಲೆಂಡಿನ ಮಾವೊರಿ ಜನರು ಅದನ್ನು ತಮ್ಮ ಭಾಷೆಗೆ ತಂದು, ಹಾಡುಗಳನ್ನು ತಮ್ಮ ನುಡಿಯಲ್ಲೇ ಹಾಡಿದರು. 2022ರಲ್ಲಿ ‘ಲಯನ್ ಕಿಂಗ್’ ಕೂಡ ಮಾವೊರಿಯಲ್ಲಿ ಹಾಡಿತು. ಯೂರೋಪಿನ ಉತ್ತರದ ತುದಿಯ ಸಾಮಿ ಜನರ ಮುಖ್ಯ ಭಾಷೆಯನ್ನು ಆಡುವವರು ಹೆಚ್ಚೆಂದರೆ ಕೆಲವೇ ಹತ್ತು ಸಾವಿರ ಮಂದಿ. ‘ಫ್ರೋಜನ್’ ಚಿತ್ರದ ಎರಡನೆಯ ಭಾಗ 2019ರಲ್ಲಿ ಅವರ ಭಾಷೆಯಲ್ಲೂ ಸಿದ್ಧವಾಯಿತು. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 4 ಕೋಟಿ 37 ಲಕ್ಷ. ಸಂಖ್ಯೆಯೊಂದೇ ಭಾಷೆಯನ್ನು ಮಗುವಿನ ಬಾಯಿಗೆ ತರುವುದಿಲ್ಲವೆಂದು ಈ ಹೋಲಿಕೆ ಹೇಳುತ್ತದೆ. ಮಕ್ಕಳು ಪ್ರೀತಿಸುವ ಕಥೆಯೂ ಹಾಡೂ ತಮ್ಮ ನುಡಿಯಲ್ಲಿರಬೇಕೆಂದು ಹಿರಿಯರು ಹಟ ತೊಟ್ಟರೆ ಮಾತ್ರ ಅದು ಸಾಧ್ಯ.

ಗಡಿನಾಡಿನಲ್ಲಿ ಈ ಹಟಕ್ಕೆ ಕಾರಣವಿದೆ. 2006ರ ತಮಿಳು ಕಲಿಕೆ ಕಾಯಿದೆಯ ಅನಂತರ ಈ ರಾಜ್ಯದ ಶಾಲೆಗಳಲ್ಲಿ ತಮಿಳು ಮೊದಲ ಭಾಷೆಯಾಗಿ ಹಂತ ಹಂತವಾಗಿ ಕಡ್ಡಾಯವಾಯಿತು. ರಾಜ್ಯದ ಭಾಷೆಯನ್ನು ಮಗು ಚೆನ್ನಾಗಿ ಕಲಿಯುವುದು ಅದರ ಬಾಳಿಗೆ ಹಿತ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರು ಭಾಷೆಗಳ ನಡುವೆ ಕನ್ನಡದ ಪಾಲಿಗೆ ಬರುವ ಗಂಟೆಗಳು ಕೆಲವೇ. ಸಿಪ್ಕಾಟ್ ಕಾರ್ಖಾನೆಗಳಲ್ಲಿ ದುಡಿಯುವ ತಂದೆತಾಯಿ ಮಗುವಿನೊಂದಿಗೆ ಮಾತನಾಡುವ ಹೊತ್ತೂ ಕಡಿಮೆ. ಕನ್ನಡ ಒಂದು ಪ್ರಶ್ನೆಪತ್ರಿಕೆಯಾಗಿ ಮಾತ್ರ ಉಳಿದರೆ ಪರೀಕ್ಷೆ ಮುಗಿದ ದಿನ ಅದೂ ಮುಗಿಯುತ್ತದೆ. ಪರೀಕ್ಷೆಯ ಆಚೆಗೂ ಉಳಿಯಬೇಕಾದರೆ ಮಗು ‘ನನ್ನದು’ ಎನ್ನುವ ಯಾವುದೋ ಒಂದು ಕನ್ನಡದಲ್ಲಿರಬೇಕು. ತಾತನ ಬಾಯಲ್ಲಿ ಐವತ್ತು ವರ್ಷ ಉಳಿದದ್ದು ಏನೆಂದು ನೋಡಿದರೆ ಆ ‘ಯಾವುದೋ ಒಂದು’ ಏನಿರಬಹುದೆಂದು ತಿಳಿಯುತ್ತದೆ.

ಇದನ್ನು ತರಗತಿಯಲ್ಲಿ ಮಾಡುವ ಬಗೆ ಕಷ್ಟದ್ದಲ್ಲ. ಹನ್ನೆರಡು ಪೀರಿಯಡ್‌ಗಳಲ್ಲಿ ಮುಗಿಯುವ ಒಂದು ಕ್ರಮವನ್ನು ಇಲ್ಲಿ ಸೂಚಿಸಲಾಗಿದೆ.

ಮೊದಲ ಎರಡು ಪೀರಿಯಡ್‌ಗಳು ಕೇಳುವುದಕ್ಕೆ. ಪ್ರತಿಯೊಂದು ಮಗುವೂ ಮನೆಯಿಂದ ಒಂದು ಹಾಡನ್ನು ತರಬೇಕು. ಅದು ನಾಟಕದ್ದಾಗಲಿ, ಕೂತ್ತಿನದಾಗಲಿ, ಸಿನಿಮಾದ್ದಾಗಲಿ, ಅನಿಮೇಷನ್ ಚಿತ್ರದ್ದಾಗಲಿ. ಕನ್ನಡ, ತಮಿಳು, ತೆಲುಗು, ಉರ್ದು ಯಾವುದೇ ಇರಲಿ. ಹಾಡಿದ ಮೇಲೆ ಮೂರು ಸಂಗತಿಗಳನ್ನು ಮಾತ್ರ ಕನ್ನಡದಲ್ಲಿ ಹೇಳಬೇಕು: ಕಥೆಯಲ್ಲಿ ಇದನ್ನು ಯಾರು ಹಾಡುತ್ತಾರೆ, ಆಗ ಅವರಿಗೆ ಏನಾಗಿತ್ತು, ಈ ಹಾಡು ಹೇಳುವವರಿಗೆ ಏಕೆ ಇಷ್ಟ. ಮೂರನೆಯ ಪ್ರಶ್ನೆಗೆ ಮಗು ತಡೆದು ತಡೆದು ಉತ್ತರ ಕೊಡುತ್ತದೆ. ಅವಸರ ಮಾಡಬಾರದು, ಪದ ಒದಗಿಸಿಕೊಡಬಾರದು. ತನ್ನ ಅನುಭವಕ್ಕೆ ಕನ್ನಡದ ಪದವನ್ನು ತಾನೇ ಹುಡುಕುವ ಆ ಮೌನವೇ ಪಾಠ.

ಮುಂದಿನ ನಾಲ್ಕು ಪೀರಿಯಡ್‌ಗಳಲ್ಲಿ ಒಂದು ಚಿಕ್ಕ ಕಥೆಯನ್ನು ಆಯ್ದು ನಾಟಕವಾಗಿ ಕಟ್ಟಬಹುದು. ರವೀಂದ್ರರ ಗಿಳಿಯ ಕಥೆಯನ್ನು ಆಧರಿಸಿ ಕಾರಂತರು ರಚಿಸಿದ ‘ಪಂಜರ ಶಾಲೆ’ ಇದಕ್ಕೆ ಒಳ್ಳೆಯ ಮಾದರಿ. ಹಕ್ಕಿಗೆ ವಿದ್ಯೆ ಕಲಿಸಬೇಕೆಂದು ಪಂಜರ ಕಟ್ಟಿಸಿ, ಪುಸ್ತಕದ ಹಾಳೆಗಳನ್ನು ಗಂಟಲಿಗೆ ತುರುಕಿ, ಕೊನೆಗೆ ಹಕ್ಕಿಯನ್ನೇ ಕಳೆದುಕೊಂಡವರ ಕಥೆ ಮಕ್ಕಳನ್ನು ನಗಿಸುತ್ತದೆ, ಶಿಕ್ಷಕರನ್ನು ಸುಮ್ಮನಿರಗೊಡುವುದಿಲ್ಲ. ಹಾಡುಗಳನ್ನು ಮಕ್ಕಳೇ ಕಟ್ಟಲಿ. ಹಳೆಯ ಮಟ್ಟಿಗೆ ಹೊಸ ಮಾತು ಹೊಂದಿಸುವುದು ಕನ್ನಡ ರಂಗಭೂಮಿಯ ಬಹು ಹಳೆಯ ರೂಢಿ. ಕೈಲಾಸಂ ಅವರು ಇಂಗ್ಲಿಷ್ ಸೈನಿಕರ ಟಿಪ್ಪರರಿಯನ್ನು ತಿಪ್ಪಾರಳ್ಳಿಯಾಗಿಸಿದ ಜಾಣ್ಮೆ ಮಕ್ಕಳಿಗೂ ಎಟುಕುತ್ತದೆ. ಮೊಮ್ಮಗಳಿಗೆ ಪ್ರಿಯವಾದ ತಮಿಳು ಹಾಡಿನ ಮಟ್ಟಿಗೇ ಗಿಳಿಯ ದುಃಖದ ಕನ್ನಡ ಮಾತುಗಳು ಕೂಡಿಬರಲಿ. ಅದು ಅನುವಾದವಾಗಬಾರದು, ಪಂಜರದೊಳಗೆ ತಾನಿದ್ದರೆ ಏನು ಹಾಡುತ್ತಿದ್ದೆನೆಂದು ಮಗು ಯೋಚಿಸಿ ಬರೆದದ್ದಾಗಬೇಕು. ವಾದ್ಯವಿಲ್ಲವೆಂಬ ಚಿಂತೆ ಬೇಡ. ಕಾರಂತರು ಕಲ್ಲು ಬಿದಿರುಗಳಿಂದಲೂ ನಾದ ಹೊರಡಿಸಿದವರು. ಡೆಸ್ಕಿನ ಹಲಗೆ, ಊಟದ ತಟ್ಟೆ, ಒಣಬೀಜ ತುಂಬಿದ ಡಬ್ಬಿ ಸಾಕು.

ಉಚ್ಚಾರಣೆಯ ತಿದ್ದುಪಡಿ ಈ ಹಂತದಲ್ಲಿ ತಾನಾಗಿ ನಡೆಯುತ್ತದೆ. ತಮಿಳು ಲಿಪಿಯಲ್ಲಿ ಕ ಮತ್ತು ಗ, ತ ಮತ್ತು ದ, ಪ ಮತ್ತು ಬ ಒಂದೇ ಅಕ್ಷರದಲ್ಲಿ ಅಡಗಿರುವುದರಿಂದ ಎರಡೂ ಲಿಪಿಗಳನ್ನು ಒಟ್ಟಿಗೆ ಕಲಿಯುವ ಮಗು ಕನ್ನಡ ಬರವಣಿಗೆಯಲ್ಲಿ ಇವನ್ನು ಅದಲುಬದಲು ಮಾಡುವುದು ಸಹಜ. ಮನೆಮಾತಿನ ಪ್ರಭಾವದಿಂದ ಹಕಾರವೂ ಬಿದ್ದುಹೋಗುತ್ತದೆ. ಕೆಂಪು ಮಸಿಯಿಂದ ತಿದ್ದಿದರೆ ಮಗು ಕುಗ್ಗುತ್ತದೆ. ಆದರೆ ನಾಟಕದ ಮೇಳದಲ್ಲಿ ಒಬ್ಬನು ‘ಹಕ್ಕಿ’ ಎನ್ನುವಲ್ಲಿ ‘ಅಕ್ಕಿ’ ಎಂದರೆ ಪಂಜರದಲ್ಲಿರುವುದು ಗಿಳಿಯಲ್ಲ, ಪಡಿತರದ ಅಕ್ಕಿ ಆಗಿಬಿಡುತ್ತದೆ. ಮಕ್ಕಳೆಲ್ಲ ನಗುತ್ತಾರೆ, ಹಾಡಿದವನೂ ನಗುತ್ತಾನೆ, ಮರುದಿನ ಹಕಾರ ತಾನೇ ಸ್ಥಾನಕ್ಕೆ ಬರುತ್ತದೆ. ಊರ ನಾಟಕದ ತಾಲೀಮಿನಲ್ಲಿ ಮೇಷ್ಟರು ಮಾಡುತ್ತಿದ್ದುದೂ ಇದನ್ನೇ.

ಇನ್ನು ಐದು ಪೀರಿಯಡ್‌ಗಳು ತಾಲೀಮಿಗೆ. ಕಂಠ ಚೆನ್ನಾಗಿರುವ ಇಬ್ಬರು ಮೂವರಿಗೆ ಹಾಡುಗಳನ್ನೆಲ್ಲ ಒಪ್ಪಿಸುವುದು ಸುಲಭ, ಆದರೆ ಅನ್ಯಾಯ. ಶ್ರುತಿ ಸೇರದ ಮಗುವೂ ಮೇಳದಲ್ಲಿ ನಿಲ್ಲಬೇಕು. ಮಗುವಿನ ಮನೆಮಾತಿನ ಸೊಗಡನ್ನು ಅಳಿಸಬೇಕಾಗಿಲ್ಲ. ಸೇವಕನೋ ಕಾವಲುಗಾರನೋ ಊರ ಕನ್ನಡವನ್ನೇ ಆಡಲಿ. ರಾಜ ಮತ್ತು ಪಂಡಿತರು ಗ್ರಂಥದ ಕನ್ನಡವನ್ನು ಆಡಲಿ. ಎರಡು ಕನ್ನಡಗಳ ನಡುವಿನ ಅಂತರ ಮಕ್ಕಳಿಗೆ ವ್ಯಾಕರಣದ ಪಾಠವಿಲ್ಲದೆ ತಿಳಿಯುತ್ತದೆ, ಎರಡಕ್ಕೂ ಮರ್ಯಾದೆ ದೊರೆಯುತ್ತದೆ.

ಕೊನೆಯ ಪೀರಿಯಡ್ ಪ್ರಯೋಗಕ್ಕೆ. ಪ್ರೇಕ್ಷಕರು ಅಧಿಕಾರಿಗಳಾಗಿರಬೇಕಾಗಿಲ್ಲ, ಅಜ್ಜ ಅಜ್ಜಿಯರಾಗಿರಲಿ. ನಾಟಕ ಮುಗಿದ ಮೇಲೆ ಹಿರಿಯರಲ್ಲಿ ಒಬ್ಬರು ತಮ್ಮ ಕಾಲದ ಪದ್ಯವೊಂದನ್ನು ಹಾಡಲಿ, ಮಕ್ಕಳು ಅದನ್ನು ಕೇಳಿ ಬರೆದುಕೊಳ್ಳಲಿ. ಬಾಲನಟರಾಗಿ ಕಂಪನಿ ಸೇರಿದ ಆರ್. ಪರಮಶಿವನ್ ಅವರು ಇಳಿವಯಸ್ಸಿನವರೆಗೂ ಹಳೆಯ ರಂಗಗೀತೆಗಳನ್ನು ಹೊಸಬರಿಗೆ ಕಲಿಸಿ ಉಳಿಸಿದರು. ಪ್ರತಿ ಊರಿನಲ್ಲೂ ಅಂಥವರು ಇರುವುದಿಲ್ಲ. ಊರಿನ ದುರ್ಯೋಧನ, ಊರಿನ ಶಕುನಿ ಒಬ್ಬೊಬ್ಬರಾಗಿ ಕಣ್ಮರೆಯಾದಾಗ ಅವರೊಂದಿಗೆ ಪದ್ಯಗಳೂ ಹೋಗುತ್ತವೆ. ಶಾಲೆಯ ನೋಟ್‌ಪುಸ್ತಕದಲ್ಲಿ ಮಕ್ಕಳ ಅಕ್ಷರದಲ್ಲಿ ಬರೆದಿಟ್ಟದ್ದು ಕೆಲವೊಮ್ಮೆ ಅವುಗಳ ಏಕೈಕ ಪ್ರತಿಯಾಗಬಹುದು.

ಶಿಕ್ಷಕ ಬಂಧುಗಳೇ, ಈ ಕ್ರಮಕ್ಕೆ ಹಣ ಬೇಡ, ಪ್ರತ್ಯೇಕ ಆದೇಶ ಬೇಡ. ಪಾಠಯೋಜನೆಯ ಹನ್ನೆರಡು ಗಂಟೆಗಳು ಸಾಕು. ಹೊಸೂರಿನ ಕನ್ನಡ ಶಾಲೆಯಿಂದ ಹೊರಟ ಹುಡುಗಿ ನಾಳೆ ತಮಿಳಿನಲ್ಲಿ ಓದಬಹುದು, ಇಂಗ್ಲಿಷಿನಲ್ಲಿ ದುಡಿಯಬಹುದು. ಬಹುದಿನಗಳ ಮೇಲೆ ಒಂದು ಸಂಜೆ ಯಾವುದೋ ಊರಿನ ಬಾಡಿಗೆ ಮನೆಯಲ್ಲಿ ಮನಸ್ಸು ಭಾರವಾದಾಗ ಅವಳ ಬಾಯಿಗೆ ಒಂದು ಹಾಡು ಬರುತ್ತದೆ. ಆರನೆಯ ತರಗತಿಯಲ್ಲಿ ತಾನೇ ಕಟ್ಟಿ, ತಾತನ ಮುಂದೆ ಹಾಡಿದ ಗಿಳಿಯ ಹಾಡು ಅದಾಗಿದ್ದರೆ, ಅದರಲ್ಲಿ ‘ಹಕ್ಕಿ’ ಎಂಬ ಮಾತು ಹಕ್ಕಿಯಾಗಿಯೇ ಹೊರಟರೆ, ಕನ್ನಡ ಶಿಕ್ಷಕರ ಕೆಲಸ ಸಫಲವಾಯಿತು.